ತುರಿಸಬೇಡವೆಂದರೆ ಸಾಕೇ?

ಇಸಬು ಎದ್ದ ಮಗುವಿಗೆ ನಮ್ಮ ಮನೆಗಳಲ್ಲಿ ದಿನಕ್ಕೆ ನೂರು ಸಲ ದೊರೆಯುವ ಔಷಧ ಒಂದೇ ಒಂದು: 'ತುರಿಸಬೇಡ!' ಅಜ್ಜಿ ಹೇಳುತ್ತಾರೆ. ಅಪ್ಪ ಪತ್ರಿಕೆಯಿಂದ ಮುಖವೆತ್ತದೆ ಹೇಳುತ್ತಾನೆ. ಬಂದ ನೆಂಟರು ಕಾಫಿಯ ಲೋಟ ಕೆಳಗಿಡುವ ಮೊದಲೇ ಹೇಳುತ್ತಾರೆ. ಶಾಲೆಯಲ್ಲಿ ಉಪಾಧ್ಯಾಯರು ಹೇಳುತ್ತಾರೆ. ಹೇಳುವವರಿಗೆ ಇದರಿಂದ ಕಾಸಿನ ಖರ್ಚಿಲ್ಲ, ನಿಮಿಷದ ಶ್ರಮವಿಲ್ಲ. ಕೇಳುವ ಮಗುವಿಗೆ ಮಾತ್ರ ಇದು ಆಗದ ಕೆಲಸ. ಹಸಿದವನಿಗೆ 'ಹಸಿಯಬೇಡ' ಎಂದಂತೆ, ಚಳಿಜ್ವರ ಬಂದವನಿಗೆ 'ನಡುಗಬೇಡ' ಎಂದಂತೆ, ಇದೂ ಒಂದು ಅಪ್ಪಣೆ. ಹಗಲೆಲ್ಲ ನಾಲ್ಕು ಜನರ ಕಣ್ಣಿಗೆ ಹೆದರಿ ಕೈ ಕಟ್ಟಿಕೊಂಡು ಕುಳಿತ ಮಗು ರಾತ್ರಿ ನಿದ್ದೆಯಲ್ಲಿ ಮೊಣಕೈಯ ಮಡಿಕೆಯನ್ನೂ ಮಂಡಿಯ ಹಿಂಭಾಗವನ್ನೂ ರಕ್ತ ಬರುವವರೆಗೆ ಪರಚಿಕೊಳ್ಳುತ್ತದೆ. ಬೆಳಿಗ್ಗೆ ಹಾಸಿಗೆಯ ಮೇಲೆ ಕಲೆ ಕಂಡು ಮನೆಯವರು ಮತ್ತೆ ಗದರುತ್ತಾರೆ: 'ಎಷ್ಟು ಹೇಳಿದರೂ ಕೇಳುವುದಿಲ್ಲವಲ್ಲ!'

ನಾನು ಹೇಳಬೇಕೆಂದಿರುವ ಮಾತು ಇಷ್ಟೇ: ಮಕ್ಕಳ ಇಸಬು ಮನೆಯಲ್ಲಿ ದಿನವೂ ಕೈಕೆಲಸ ಬೇಡುವ ರೋಗ. ಅದನ್ನು ನಾವು ಅಪರಾಧಿಯನ್ನು ಹುಡುಕುವ ರೋಗವನ್ನಾಗಿ ಮಾಡಿಕೊಂಡಿದ್ದೇವೆ. ಹುಡುಕುವುದಕ್ಕೆ ಊರೆಲ್ಲ ಸೇರುತ್ತದೆ. ಕೆಲಸಕ್ಕೆ ಮಾತ್ರ ತಾಯಿಯೊಬ್ಬಳೇ ಉಳಿಯುತ್ತಾಳೆ.

ಮಗುವಿನ ಕೆನ್ನೆ ಒರಟಾಗಿ ಒಡೆದೊಡನೆ ಮನೆಯ ಪಡಸಾಲೆಯಲ್ಲಿ ಒಂದು ನ್ಯಾಯಾಲಯ ನೆರೆಯುವುದನ್ನು ಯಾರು ನೋಡಿಲ್ಲ? ಮೊದಲನೆಯ ಆರೋಪಿ ತಾಯಿ. ಬಸುರಿಯಾಗಿದ್ದಾಗ ಬದನೆಕಾಯಿ ತಿಂದಳು, ಬಾಣಂತನದಲ್ಲಿ ಪಥ್ಯ ಮುರಿದಳು, ತಲೆಗೆ ಬೇಗ ನೀರು ಹಾಕಿಕೊಂಡಳು. ಎರಡನೆಯ ಆರೋಪಿ ಊಟ: ನಂಜು, ಉಷ್ಣ, ಹುಳಿ. ಮೂರನೆಯದು ಕೊಳೆ: 'ಸರಿಯಾಗಿ ಉಜ್ಜಿ ಸ್ನಾನ ಮಾಡಿಸಿದರೆ ತಾನೆ!' ನಾಲ್ಕನೆಯದು ಬೋರ್‌ವೆಲ್ ನೀರು. ಐದನೆಯದು ನೆರೆಮನೆಯವರ ದೃಷ್ಟಿ. ವಿಚಾರಣೆ ವರ್ಷಗಟ್ಟಲೆ ನಡೆಯುತ್ತದೆ. ತೀರ್ಪು ಏನೇ ಬರಲಿ, ಶಿಕ್ಷೆ ಅನುಭವಿಸುವವರು ಇಬ್ಬರೇ, ಮಗು ಮತ್ತು ತಾಯಿ.

ಹಾಗಾದರೆ ಈ ರೋಗ ಯಾವುದು? ಎಕ್ಸಿಮಾ ಎಂಬ ಮಾತಿಗೆ ಗ್ರೀಕ್ ಮೂಲದಲ್ಲಿ 'ಕುದಿದು ಉಕ್ಕುವುದು' ಎಂದರ್ಥ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಗೆ 'ಅಟೋಪಿಕ್ ಡರ್ಮಟೈಟಿಸ್' ಎಂಬ ಹೆಸರನ್ನು ಅಮೆರಿಕದ ವೈಸ್ ಮತ್ತು ಸಲ್ಜ್‌ಬರ್ಗರ್ ಎಂಬ ವೈದ್ಯರು 1933ರಲ್ಲಿ ಕೊಟ್ಟರು. ನಮ್ಮಲ್ಲಿಯೂ ಇದು ಹೊಸದೇನಲ್ಲ. ಚರಕ ಸಂಹಿತೆಯಲ್ಲಿ ತುರಿಕೆ, ಗುಳ್ಳೆ, ಕಪ್ಪು ಬಣ್ಣ, ಸೋರುವಿಕೆ ಇರುವ 'ವಿಚರ್ಚಿಕಾ' ಎಂಬ ಚರ್ಮರೋಗವನ್ನು ಹೇಳಿದೆ. ಅದನ್ನು ಅಲ್ಲಿ ಕ್ಷುದ್ರ ಕುಷ್ಠಗಳ ಸಾಲಿನಲ್ಲಿ ಸೇರಿಸಿದ್ದಾರೆ. ಹಳೆಯ ಗ್ರಂಥಗಳಲ್ಲಿ ಕುಷ್ಠವೆಂದರೆ ಚರ್ಮರೋಗಗಳಿಗೆಲ್ಲ ಸಾಮಾನ್ಯವಾದ ಹೆಸರು. ಇಂದು ನಾವು ಆ ಮಾತಿನಿಂದ ತಿಳಿಯುವ ಒಂದೇ ರೋಗವಲ್ಲ. ಮಾತಿನ ಅರ್ಥ ಕಿರಿದಾಯಿತು, ಭಯ ಮಾತ್ರ ಹಿರಿದಾಗಿಯೇ ಉಳಿಯಿತು. ಆದ್ದರಿಂದಲೇ ಇಸಬಿನ ಮಗುವಿನ ಪಕ್ಕದಲ್ಲಿ ಕೂರಬೇಡವೆಂದು ತಮ್ಮ ಮಕ್ಕಳಿಗೆ ಕಿವಿಯಲ್ಲಿ ಹೇಳಿ ಕಳುಹಿಸುವ ವಿದ್ಯಾವಂತರು ಇಂದಿಗೂ ಇದ್ದಾರೆ. ಇಸಬು ಅಂಟುವುದಿಲ್ಲ. ಮುಟ್ಟಿದರೂ ಇಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಇಲ್ಲ.

ಅಂಟುವುದು ಕಜ್ಜಿ. ಅದು ಬೆರಳ ಸಂದುಗಳಲ್ಲಿ ಏಳುತ್ತದೆ, ರಾತ್ರಿಯಾದರೆ ಮನೆಮಂದಿಯೆಲ್ಲ ಕೆರೆದುಕೊಳ್ಳುವಂತೆ ಮಾಡುತ್ತದೆ. ಅದಕ್ಕೆ ಮದ್ದೇ ಬೇರೆ. ಹುಳುಕಡ್ಡಿಯೂ ಅಂಟುತ್ತದೆ, ಅದು ಉಂಗುರದಂತೆ ಅಂಚು ಕಟ್ಟಿಕೊಂಡು ಹರಡುತ್ತದೆ. ಮೂರನ್ನೂ ಕಣ್ಣಂದಾಜಿನಲ್ಲಿ ಒಂದೇ ಎಂದುಕೊಂಡು ಮದ್ದು ಹಚ್ಚುವವರು ಬಹಳ. ಆದ್ದರಿಂದ ಮನೆಯ ಆರೈಕೆಗೆ ಮೊದಲ ಮೆಟ್ಟಿಲು ಮನೆಯ ಹೊರಗಿದೆ: ಒಮ್ಮೆ ವೈದ್ಯರಿಗೆ ತೋರಿಸಿ ಇದು ಇಸಬೇ ಹೌದೆಂದು ಖಚಿತಪಡಿಸಿಕೊಳ್ಳಬೇಕು.

ಇಸಬಿನ ಮೂಲ ಹೆಚ್ಚಿನ ಮಟ್ಟಿಗೆ ಮಗು ಹುಟ್ಟುವಾಗಲೇ ತಂದ ಚರ್ಮದಲ್ಲಿದೆ. ಹೊಸ ಮಡಕೆಯನ್ನು ನೋಡಿ. ಅದರ ಮೈಯಿಂದ ನೀರು ಒಸರುತ್ತಲೇ ಇರುತ್ತದೆ. ಇಸಬಿನ ಮಗುವಿನ ಚರ್ಮವೂ ಹಾಗೆಯೇ ಒಳಗಿನ ತೇವವನ್ನು ಹಿಡಿದಿಡಲಾರದು. ಹೊರಗಿನ ಸಾಬೂನು, ಧೂಳು, ಕ್ರಿಮಿಗಳನ್ನು ತಡೆಯಲಾರದು. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾನಿಲಯದ ಇರ್ವಿನ್ ಮೆಕ್‌ಲೀನ್ ಮತ್ತು ಅವರ ಸಂಗಡಿಗರು ಫಿಲಾಗ್ರಿನ್ ಎಂಬ ಚರ್ಮದ ಪ್ರೋಟೀನಿನ ವಂಶವಾಹಿಯಲ್ಲಿ ಲೋಪವಿದ್ದವರಿಗೆ ಇಸಬು ಬರುವ ಸಂಭವ ಹೆಚ್ಚೆಂದು ತೋರಿಸಿದರು. ಇಸಬಿನ ಎಲ್ಲ ಮಕ್ಕಳಲ್ಲೂ ಈ ಲೋಪವಿರುವುದಿಲ್ಲ. ಇದೊಂದೇ ಕಾರಣವೂ ಅಲ್ಲ. ದೇಹದ ರಕ್ಷಣಾವ್ಯವಸ್ಥೆ ಅತಿಯಾಗಿ ಸಿಡುಕುವುದೂ ಇದರಲ್ಲಿ ಸೇರಿದೆ. ಆದರೆ ಒಂದು ಮಾತು ಸ್ಪಷ್ಟ: ಬಾಣಂತಿ ತಿಂದ ಬದನೆಕಾಯಿ ಯಾವ ಮಗುವಿನ ವಂಶವಾಹಿಯನ್ನೂ ಬದಲಾಯಿಸಲಿಲ್ಲ. ಪಿತ್ರಾರ್ಜಿತದ ಮಾತಾದರೆ ಅದರಲ್ಲಿ ತಂದೆಯ ಪಾಲೂ ಇದೆಯಷ್ಟೆ? ತಂದೆಯ ಕಡೆಯವರು ನೆರೆಸುವ ನ್ಯಾಯಾಲಯದಲ್ಲಿ ಈ ಮಾತು ಏಳುವುದಿಲ್ಲ.

ಇನ್ನು ಶಿಕ್ಷೆಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಬಚ್ಚಲಮನೆಯ ಶಿಕ್ಷೆ. ಕೊಳೆಯೇ ಕಾರಣವೆಂದು ನಂಬಿದ ಮೇಲೆ ಉಜ್ಜುವುದೇ ಚಿಕಿತ್ಸೆಯಾಗುತ್ತದೆ. ಹಂಡೆಯ ಸುಡುನೀರು, ಕಡಲೆಹಿಟ್ಟು, ಸೀಗೆಪುಡಿ, ಬೇವಿನ ಸೊಪ್ಪಿನ ಕಷಾಯ, ಸಾಲದುದಕ್ಕೆ ಕ್ರಿಮಿಗಳನ್ನೆಲ್ಲ ಕೊಲ್ಲುತ್ತೇನೆಂದು ಜಾಹೀರಾತು ಕೂಗುವ ಸಾಬೂನು. ಆರೋಗ್ಯವಂತ ಚರ್ಮ ಸ್ವಲ್ಪ ಆಮ್ಲಗುಣವುಳ್ಳದ್ದು. ಸಾಮಾನ್ಯ ಸಾಬೂನು ಕ್ಷಾರ. ಇರುವ ಅಲ್ಪಸ್ವಲ್ಪ ಜಿಡ್ಡನ್ನೂ ಅದು ತೊಳೆದುಕೊಂಡು ಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ವಾರವೆಲ್ಲ ಆರೈಕೆ ಮಾಡಿ ಕೂಡಿಸಿದ ಚರ್ಮವನ್ನು ಒಂದು ಶನಿವಾರದ ಅಭ್ಯಂಜನ ಒಡೆದುಹಾಕಬಲ್ಲದು.

ಅಭ್ಯಂಜನವೆಂದೊಡನೆ ನಮ್ಮ ಹಿರಿಯರ ಮೇಲೆ ಹರಿಹಾಯುತ್ತಿದ್ದೇನೆಂದು ಯಾರೂ ಭಾವಿಸಬಾರದು. ಎಣ್ಣೆಯ ವಿಷಯದಲ್ಲಿ ಅಜ್ಜಿಯೇ ಸರಿ. ಫಿಲಿಪ್ಪೀನ್ಸ್ ದೇಶದಲ್ಲಿ 117 ಮಕ್ಕಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಸೌಮ್ಯ ಮತ್ತು ಮಧ್ಯಮ ಪ್ರಮಾಣದ ಇಸಬಿಗೆ ಶುದ್ಧ ಕೊಬ್ಬರಿ ಎಣ್ಣೆ ಖನಿಜ ಎಣ್ಣೆಗಿಂತ ಹೆಚ್ಚು ಗುಣ ತೋರಿತು. ದಕ್ಷಿಣ ಕನ್ನಡದ ಯಾವ ಅಜ್ಜಿಗೂ ಇದು ಆಶ್ಚರ್ಯದ ಸುದ್ದಿಯಲ್ಲ. ತಪ್ಪಿರುವುದು ಎಣ್ಣೆಯಲ್ಲಲ್ಲ, ಕ್ರಮದಲ್ಲಿ. ಸ್ನಾನಕ್ಕೆ ಮೊದಲು ಎಣ್ಣೆ ಹಚ್ಚಿ, ಆಮೇಲೆ ಸೀಗೆಪುಡಿ ಹಾಕಿ ಅದನ್ನೆಲ್ಲ ತಿಕ್ಕಿ ತೆಗೆದು, ಒಣಗಿದ ಮೈಯನ್ನು ಒರಟು ಪಂಚೆಯಲ್ಲಿ ಉಜ್ಜಿ ಬಿಟ್ಟುಬಿಡುತ್ತೇವೆ. ಕೊಟ್ಟ ಕೈಯಿಂದಲೇ ಕಿತ್ತುಕೊಂಡಂತಾಯಿತು. ಇಸಬಿನ ಮಗುವಿಗೆ ಜಿಡ್ಡು ಬೇಕಾದದ್ದು ಸ್ನಾನವಾದ ಮೇಲೆ.

ಸರಿಯಾದ ಸ್ನಾನ ಬಹಳ ಸರಳ. ಮೊಣಕೈಗೆ ಬಿಸಿ ತಾಗದಷ್ಟು ಉಗುರುಬೆಚ್ಚಗಿನ ನೀರು. ಐದರಿಂದ ಹತ್ತು ನಿಮಿಷ. ಸಾಬೂನಿನ ಬದಲು ವೈದ್ಯರು ಹೇಳಿದ ಸೌಮ್ಯ ಕ್ಲೆನ್ಸರ್, ಅದೂ ಬೇಕಾದ ಕಡೆಗೆ ಮಾತ್ರ. ಮೆತ್ತನೆಯ ಬಟ್ಟೆಯಿಂದ ಒತ್ತಿ ನೀರು ತೆಗೆಯಬೇಕು, ಉಜ್ಜಬಾರದು. ಮೈ ಇನ್ನೂ ತೇವವಾಗಿರುವಾಗಲೇ ಜಿಡ್ಡು ಹಚ್ಚಬೇಕು. ಸ್ನಾನದ ನೀರಿಗೆ ಹಾಕುವ ಬೆಲೆಬಾಳುವ ಎಣ್ಣೆಗಳು ಬೇಕಿಲ್ಲ. ಬ್ರಿಟನ್ನಿನಲ್ಲಿ 482 ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವುಗಳಿಂದ ಹೇಳಿಕೊಳ್ಳುವ ಪ್ರಯೋಜನ ಕಾಣಲಿಲ್ಲ. ನೀರಿನ ಗಡಸುತನವನ್ನು ತೆಗೆಯುವ ಯಂತ್ರಕ್ಕೆ ಸಾಲ ಮಾಡುವವರಿಗೂ ಒಂದು ಮಾತು: ಅದೇ ದೇಶದಲ್ಲಿ 336 ಮಕ್ಕಳ ಮನೆಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆ ಯಂತ್ರ ಹಾಕಿಸಿದ್ದರಿಂದ ಇಸಬು ಹೆಚ್ಚೇನೂ ಇಳಿಯಲಿಲ್ಲ. ಬೋರ್‌ವೆಲ್ ನೀರಿನ ಮೇಲಿನ ಮೊಕದ್ದಮೆಯನ್ನು ಇಲ್ಲಿಗೆ ಕೈಬಿಡಬಹುದು.

'ಯಾವ ಕ್ರೀಮು ಒಳ್ಳೆಯದು?' ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಲೋಷನ್, ಕ್ರೀಮು, ಜೆಲ್, ಮುಲಾಮು ಈ ನಾಲ್ಕನ್ನೂ 550 ಮಕ್ಕಳಲ್ಲಿ ಹೋಲಿಸಿ ನೋಡಿದ ಬ್ರಿಟನ್ನಿನ ಇನ್ನೊಂದು ಪರೀಕ್ಷೆ 2022ರಲ್ಲಿ ಹೊರಬಂತು. ಗುಣದಲ್ಲಿ ಅವುಗಳ ನಡುವೆ ಗಣನೀಯ ವ್ಯತ್ಯಾಸವಿರಲಿಲ್ಲ. ಎಂದಮೇಲೆ ಮಗು ಅಳದೆ ಹಚ್ಚಿಸಿಕೊಳ್ಳುವುದು, ನಿಮ್ಮ ಕೈಗೆಟಕುವ ಬೆಲೆಯದು, ಇವೆರಡೇ ಲಕ್ಷಣ ಸಾಕು. ಸುವಾಸನೆ ಇರಬಾರದು. ಬರಿಯ ಪೆಟ್ರೋಲಿಯಂ ಜೆಲ್ಲಿಯೂ ಆಗುತ್ತದೆ. ಬೆಲೆಗಿಂತ ಮುಖ್ಯವಾದದ್ದು ಪ್ರಮಾಣ. ಇಸಬು ಮೈಯೆಲ್ಲ ಇರುವ ಮಗುವಿಗೆ ವಾರಕ್ಕೆ 250 ಗ್ರಾಮಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ನಮ್ಮಲ್ಲಿ ಮೂವತ್ತು ಗ್ರಾಮಿನ ಟ್ಯೂಬನ್ನು ತಿಂಗಳುಗಟ್ಟಲೆ ಕಾಪಾಡಿ, ದೇವರಿಗೆ ಗಂಧವಿಟ್ಟಂತೆ ಚುಕ್ಕೆಚುಕ್ಕೆಯಾಗಿ ಇಟ್ಟು, 'ಏನು ಹಚ್ಚಿದರೂ ಗುಣವಿಲ್ಲ' ಎನ್ನುತ್ತಾರೆ. ದಿನಕ್ಕೆ ಎರಡು ಸಲವಾದರೂ ಧಾರಾಳವಾಗಿ, ರೋಮ ಬೆಳೆದ ದಿಕ್ಕಿನಲ್ಲಿ ಸವರಬೇಕು. ಚರ್ಮ ಶಾಂತವಾಗಿರುವ ದಿನಗಳಲ್ಲಿಯೂ ನಿಲ್ಲಿಸಬಾರದು. ಬಯಲುಸೀಮೆಯ ಮಾಗಿಯ ಚಳಿಯಲ್ಲಿ ಇನ್ನೂ ಹೆಚ್ಚು ಬೇಕು. ಒಂದು ಎಚ್ಚರಿಕೆ: ಈ ಜಿಡ್ಡುಗಳು ಹತ್ತಿದ ಬಟ್ಟೆಗೆ ಬೆಂಕಿ ತಗುಲಿದರೆ ಬಹು ಬೇಗ ಉರಿಯುತ್ತದೆ. ದೇವರ ದೀಪ, ಒಲೆ, ಪಟಾಕಿಗಳಿಂದ ಮಗುವನ್ನು ದೂರವಿಡಬೇಕು.

ಎರಡನೆಯದು ಅಡುಗೆಮನೆಯ ಶಿಕ್ಷೆ. ನಂಜು ಎಂಬ ಎರಡಕ್ಷರದ ಮಾತಿಗೆ ಇಷ್ಟು ಅಧಿಕಾರ ಯಾರು ಕೊಟ್ಟರೋ ತಿಳಿಯದು. ಇಸಬು ಎಂದೊಡನೆ ಬದನೆ ಹೋಯಿತು, ಕುಂಬಳ ಹೋಯಿತು, ಕಡಲೆಕಾಯಿ ಹೋಯಿತು, ಮೊಟ್ಟೆ ಮೀನು ಹೋದುವು, ಕಡೆಗೆ ಹಾಲು ಮೊಸರೂ ಹೋದುವು. ಉಳಿದದ್ದು ತಿಳಿಸಾರು ಅನ್ನ. ಆರು ತಿಂಗಳು ಹೀಗೆ ಕಳೆದ ಮೇಲೆ ಇಸಬೂ ಇರುತ್ತದೆ, ಮಗು ತೂಕವನ್ನೂ ಕಳೆದುಕೊಂಡಿರುತ್ತದೆ. ಮೊಲೆಹಾಲು ಕೂಸಾದರೆ ಈ ಪಥ್ಯವೆಲ್ಲ ತಾಯಿಯ ತಲೆಗೆ. ರಾತ್ರಿಯೆಲ್ಲ ಎಚ್ಚರವಿದ್ದು ಹಗಲೆಲ್ಲ ಅರೆಹೊಟ್ಟೆಯಲ್ಲಿರುವ ಬಾಣಂತಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಬೇಕೆ?

ಆಹಾರದ ಅಲರ್ಜಿ ಎಂಬುದು ಇಲ್ಲವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ, ತೀವ್ರವಾದ ಇಸಬಿರುವ ಕೂಸುಗಳಲ್ಲಿ ಅದು ಹೆಚ್ಚಾಗಿಯೇ ಇದೆ. ಆದರೆ ಅದರ ಗುರುತು ಬೇರೆ. ತಿಂದ ಕೆಲವು ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಗಳಲ್ಲಿ, ಮೈಮೇಲೆ ದದ್ದು ಏಳುತ್ತದೆ, ತುಟಿ ಕಣ್ಣು ಊದುತ್ತವೆ, ವಾಂತಿಯಾಗುತ್ತದೆ, ಉಸಿರು ಕಟ್ಟಬಹುದು. ಹಾಗಾದರೆ ವೈದ್ಯರಲ್ಲಿಗೆ ಹೋಗಬೇಕು. ಉಸಿರಾಟಕ್ಕೆ ತೊಂದರೆಯಾದರೆ ಆ ಕ್ಷಣವೇ ಆಸ್ಪತ್ರೆಗೆ. ಯಾವುದನ್ನು ಬಿಡಬೇಕು, ಎಷ್ಟು ದಿನ, ಅದರ ಬದಲು ಏನು ಕೊಡಬೇಕು ಎಂಬುದನ್ನು ಅವರು ನಿರ್ಧರಿಸಲಿ. ರಕ್ತಪರೀಕ್ಷೆಯ ಪಟ್ಟಿಯಲ್ಲಿ ಇಪ್ಪತ್ತು ಪದಾರ್ಥಗಳ ಮುಂದೆ ಗುರುತು ಬಿದ್ದಮಾತ್ರಕ್ಕೆ ಇಪ್ಪತ್ತನ್ನೂ ಬಿಡಿಸಬೇಕಾಗಿಲ್ಲ. ಗುರುತು ಬಿದ್ದರೂ ತಿಂದು ಜೀರ್ಣಿಸಿಕೊಳ್ಳುವ ಮಕ್ಕಳು ಎಷ್ಟೋ ಇದ್ದಾರೆ.

ಬಿಡಿಸುವುದರಿಂದ ಕೆಡುಕೂ ಆಗಬಹುದೆಂಬುದಕ್ಕೆ 2015ರಲ್ಲಿ ಲಂಡನ್ನಿನಿಂದ ಬಂದ ಒಂದು ಅಧ್ಯಯನ ಸಾಕ್ಷಿ. ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, ನಾಲ್ಕರಿಂದ ಹನ್ನೊಂದು ತಿಂಗಳ 640 ಕೂಸುಗಳನ್ನು ಆರಿಸಿ, ಅರ್ಧದಷ್ಟಕ್ಕೆ ಕಡಲೆಕಾಯಿಯ ಪದಾರ್ಥಗಳನ್ನು ಕೊಡುತ್ತ ಬಂದರು. ಉಳಿದರ್ಧಕ್ಕೆ ಐದು ವರ್ಷದವರೆಗೆ ಬಿಡಿಸಿದರು. ಮೊದಲ ಚರ್ಮಪರೀಕ್ಷೆಯಲ್ಲಿ ಅಲರ್ಜಿಯ ಸುಳಿವಿಲ್ಲದ ಮಕ್ಕಳ ಪೈಕಿ, ಬಿಟ್ಟವರಲ್ಲಿ ಶೇಕಡಾ 13.7 ಮಂದಿಗೆ ಕಡಲೆಕಾಯಿ ಅಲರ್ಜಿ ಬಂತು. ತಿಂದವರಲ್ಲಿ ಶೇಕಡಾ 1.9 ಮಂದಿಗೆ. ಬಾಯಿಯ ಮೂಲಕ ಹೋದ ಆಹಾರವನ್ನು ದೇಹ ನೆಂಟನೆಂದು ತಿಳಿಯುತ್ತದೆ, ಒಡೆದ ಚರ್ಮದ ಮೂಲಕ ನುಸುಳಿದ್ದನ್ನು ಕಳ್ಳನೆಂದು ತಿಳಿಯುತ್ತದೆ ಎಂಬುದು ಈ ವಿಷಯ ಬಲ್ಲವರ ಅಭಿಪ್ರಾಯ. ನಮ್ಮ ಮನೆಯ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಕಡಲೆಕಾಯಿಯನ್ನು ಬಾಯಿಗೆ ಕೊಡುವುದಿಲ್ಲ, ಒಡೆದ ಮೈಗೆ ಕಡಲೆಹಿಟ್ಟನ್ನು ತಿಕ್ಕುತ್ತೇವೆ! ಹೀಗೆಂದಮಾತ್ರಕ್ಕೆ ತೀವ್ರ ಇಸಬಿನ ಕೂಸಿಗೆ ಯಾರನ್ನೂ ಕೇಳದೆ ಕಡಲೆಕಾಯಿ ತಿನ್ನಿಸಲು ಹೊರಡಬೇಡಿ. ಅದಕ್ಕೆ ವೈದ್ಯರ ಸಲಹೆ ಬೇಕು. ಇಡಿಯ ಬೀಜವನ್ನಂತೂ ಚಿಕ್ಕ ಮಕ್ಕಳಿಗೆ ಕೊಡಲೇಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಮೂರನೆಯದು ಔಷಧದಂಗಡಿಯ ಶಿಕ್ಷೆ. ಇದರಲ್ಲಿ ಎರಡು ಪಂಗಡದವರಿದ್ದಾರೆ, ಇಬ್ಬರೂ ಮಗುವಿನ ಶತ್ರುಗಳೇ. ಒಂದು ಪಂಗಡ ಅಂಗಡಿಯವನನ್ನೇ ವೈದ್ಯನೆಂದು ತಿಳಿದಿದೆ. 'ಮಗುವಿಗೆ ಮೈ ಕಡಿತ' ಎಂದರೆ ಸಾಕು, ಪ್ರಬಲ ಸ್ಟೀರಾಯ್ಡ್, ಬೂಷ್ಟಿನಾಶಕ, ಕ್ರಿಮಿನಾಶಕ ಮೂರನ್ನೂ ಬೆರೆಸಿದ ಟ್ಯೂಬು ಕೈಗೆ ಬರುತ್ತದೆ. ಎರಡು ದಿನದಲ್ಲಿ ಕಡಿತ ಮಾಯ. ಮಂತ್ರದಂಡ ಸಿಕ್ಕಿತೆಂದು ತಿಂಗಳುಗಟ್ಟಲೆ ಮುಖಕ್ಕೂ ತೊಡೆಸಂದಿಗೂ ಹಚ್ಚುತ್ತಾರೆ. ಚರ್ಮ ಕಾಗದದಂತೆ ತೆಳುವಾಗುತ್ತದೆ, ಬರೆಗಳೇಳುತ್ತವೆ. ಎಳೆಯ ಮೈ ಅದನ್ನು ಹೀರಿಕೊಂಡು ಬೆಳವಣಿಗೆಯೇ ಕುಗ್ಗುವುದುಂಟು. ಹಚ್ಚಿದ್ದು ಹುಳುಕಡ್ಡಿಯ ಮೇಲಾದರೆ ಅದು ಗುರುತು ಮರೆಸಿಕೊಂಡು ಮೈಯೆಲ್ಲ ಹಬ್ಬುತ್ತದೆ. ಚರ್ಮವೈದ್ಯರು ಬಹುಕಾಲ ಕೂಗಿಕೊಂಡ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಗೆಜೆಟ್ಟಿನಲ್ಲಿದೆ, ಚೀಟಿ ಕೇಳದ ಅಂಗಡಿ ಬೀದಿಯಲ್ಲಿದೆ.

ಇನ್ನೊಂದು ಪಂಗಡ ಸ್ಟೀರಾಯ್ಡ್ ಎಂಬ ಹೆಸರು ಕೇಳಿದರೇ ಬೆಚ್ಚುತ್ತದೆ. ವೈದ್ಯರು ಬರೆದುಕೊಟ್ಟ ಸೌಮ್ಯ ಮುಲಾಮನ್ನು ಕಪಾಟಿನಲ್ಲಿಟ್ಟು, ಮಗು ರಾತ್ರಿಯೆಲ್ಲ ಪರಚಿಕೊಳ್ಳುವುದನ್ನು ನೋಡುತ್ತ, 'ನಾವು ರಾಸಾಯನಿಕ ಮುಟ್ಟಿಸುವುದಿಲ್ಲ' ಎಂದು ಹೆಮ್ಮೆಪಡುತ್ತದೆ. ಗಿಡಮೂಲಿಕೆಯದೆಂದು ಹೇಳುವ ಡಬ್ಬಿಯನ್ನು ಮಾತ್ರ ಕಣ್ಣುಮುಚ್ಚಿ ಕೊಳ್ಳುತ್ತದೆ. 2003ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೈದ್ಯರು ಇಸಬಿನ ಮಕ್ಕಳಿಗೆ ಹಚ್ಚುತ್ತಿದ್ದ ಇಂಥ 24 ಲೇಪಗಳನ್ನು ಪರೀಕ್ಷೆಗೆ ಕಳುಹಿಸಿದಾಗ 20ರಲ್ಲಿ ಸ್ಟೀರಾಯ್ಡ್ ಅಡಗಿತ್ತು. ಹೆಸರಿಗೆ ಹೆದರಿದವರು ಹೆಸರಿಲ್ಲದ್ದನ್ನೇ ಹಚ್ಚಿದ್ದರು.

ನಿಜ ಸಂಗತಿ ಈ ಎರಡು ಪಂಗಡಗಳ ನಡುವೆ ಇದೆ. 1952ರಲ್ಲಿ ಅದೇ ಸಲ್ಜ್‌ಬರ್ಗರ್ ತಮ್ಮ ಸಹೋದ್ಯೋಗಿ ವಿಟನ್ ಅವರೊಡನೆ ಹೈಡ್ರೋಕಾರ್ಟಿಸೋನನ್ನು ಚರ್ಮಕ್ಕೆ ಹಚ್ಚಿ ಗುಣ ಕಂಡುದನ್ನು ಪ್ರಕಟಿಸಿದರು. ಇಸಬಿನ ಮಕ್ಕಳ ಪಾಲಿಗೆ ಅದು ಒಂದು ವರ. ವರವನ್ನು ಅಳತೆ ಮಾಡಿ ಬಳಸಬೇಕಷ್ಟೆ. ಆ ಅಳತೆಯೂ ನಮ್ಮ ಬೆರಳಲ್ಲೇ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಮು. ದೊಡ್ಡವರ ಎರಡು ಅಂಗೈಗಳಷ್ಟು ಜಾಗಕ್ಕೆ, ಬೆರಳುಗಳೂ ಸೇರಿ, ಅದು ಸಾಕು. ಈ ಲೆಕ್ಕವನ್ನು 1991ರಲ್ಲಿ ಲಾಂಗ್ ಮತ್ತು ಫಿನ್ಲೆ ಎಂಬ ಬ್ರಿಟಿಷ್ ವೈದ್ಯರು ಹೇಳಿಕೊಟ್ಟರು. ಮುಖಕ್ಕೆ ಸೌಮ್ಯವಾದದ್ದು, ದಪ್ಪಗಟ್ಟಿದ ಮಡಿಕೆಗೆ ಬೇಕಾದರೆ ಸ್ವಲ್ಪ ಬಲವಾದದ್ದು. ಯಾವುದೆಂಬುದನ್ನು ವೈದ್ಯರು ಹೇಳಬೇಕು. ಸಾಮಾನ್ಯವಾಗಿ ದಿನಕ್ಕೊಂದು ಸಲ ಸಾಕು. ಉರಿತ ಏಳುತ್ತಿರುವಾಗಲೇ ಆರಂಭಿಸಿ, ಚರ್ಮ ಮುಟ್ಟಲು ನುಣುಪಾಗುವವರೆಗೆ ಹಚ್ಚಿ, ಆಮೇಲೆ ನಿಲ್ಲಿಸಬೇಕು. ಅರ್ಧಕ್ಕೇ ನಿಲ್ಲಿಸಿ ಮತ್ತೆ ಮತ್ತೆ ಆರಂಭಿಸುವುದರಿಂದ ಮುಗಿಯದ ಯುದ್ಧವಾಗುತ್ತದೆ. ಪದೇ ಪದೇ ಉಲ್ಬಣಿಸುವ ಜಾಗಗಳಿಗೆ, ಶಾಂತವಾದ ಮೇಲೂ ವಾರಕ್ಕೆ ಎರಡು ದಿನ ಮಾತ್ರ ಹಚ್ಚುವ ಕ್ರಮವನ್ನು ವೈದ್ಯರು ಸೂಚಿಸುವುದುಂಟು. ಅದರಿಂದ ಮರುಕಳಿಸುವುದು ಕಡಿಮೆಯಾಗುತ್ತದೆ. ಮುಖ, ರೆಪ್ಪೆಗಳಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮೂ ಈಗ ದೊರೆಯುತ್ತದೆ; ಅದನ್ನೂ ವೈದ್ಯರೇ ಬರೆಯಬೇಕು.

ನಮ್ಮ ಮಕ್ಕಳ ಬಣ್ಣದ ಬಗ್ಗೆಯೂ ಒಂದು ಮಾತು ಹೇಳಬೇಕು. ಪಾಶ್ಚಾತ್ಯರ ಪುಸ್ತಕಗಳಲ್ಲಿ ಇಸಬೆಂದರೆ ಕೆಂಪು. ಕಂದು ಮೈಯಲ್ಲಿ ಅದು ಕಪ್ಪಾಗಿ, ಬೂದಾಗಿ, ನೇರಳೆಯಾಗಿ ಕಾಣಬಹುದು. 'ಕೆಂಪಾಗಿಲ್ಲವಲ್ಲ, ಏನೂ ಇಲ್ಲ' ಎಂದು ತಳ್ಳಿಹಾಕುವುದಕ್ಕಿಲ್ಲ. ಕಣ್ಣಿಗಿಂತ ಕೈಯನ್ನು ನಂಬಿ: ಒರಟು, ಬಿಸಿ, ದಪ್ಪ. ಗುಣವಾದ ಮೇಲೆ ಅಲ್ಲಲ್ಲಿ ಬಿಳಿಚಿದ ಮಚ್ಚೆ ಉಳಿದರೆ ತೊನ್ನೆಂದು ಗಾಬರಿಬಿದ್ದು, ಹೆಣ್ಣುಮಗುವಾದರೆ ಮದುವೆಯ ಚಿಂತೆಯನ್ನು ಅಂದೇ ಆರಂಭಿಸುತ್ತಾರೆ. ಹೀಗೆ ಬಿಳಿಚಿದ್ದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ.

'ವಯಸ್ಸಾದಂತೆ ತಾನೇ ಹೋಗುತ್ತದೆ, ಇಷ್ಟೆಲ್ಲ ಆರ್ಭಟ ಯಾಕೆ?' ಎನ್ನುವವರಿದ್ದಾರೆ. ಅನೇಕ ಮಕ್ಕಳಿಗೆ ದೊಡ್ಡವರಾಗುತ್ತ ಕಡಿಮೆಯಾಗುವುದು ನಿಜ. ಆದರೆ ಅಲ್ಲಿಯವರೆಗಿನ ರಾತ್ರಿಗಳನ್ನು ಯಾರು ಕಳೆಯಬೇಕು? ನಿದ್ದೆಯಿಲ್ಲದ ಮಗು ತರಗತಿಯಲ್ಲಿ ತೂಕಡಿಸುತ್ತದೆ, ರೇಗುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ. ಉಪಾಧ್ಯಾಯರು ದಡ್ಡನೆಂದು ಬರೆದಿಡುತ್ತಾರೆ. ಬಾಲ್ಯ ಎಂಬುದು ಕಾಯುವ ಕೊಠಡಿಯಲ್ಲ. ಇನ್ನು ಕೆಲವರು ಎದುರು ತುದಿಯವರು: ಸರಿಯಾದ ಮುಲಾಮು ಹಚ್ಚಿಬಿಟ್ಟರೆ ಬೇರುಸಹಿತ ಹೋಗಬೇಕೆಂದು ಹಟ ಹಿಡಿದು ವೈದ್ಯರಿಂದ ವೈದ್ಯರಿಗೆ ಅಲೆಯುವವರು. ಬೇರು ಕೀಳುವ ಮದ್ದು ಇನ್ನೂ ಬಂದಿಲ್ಲ. ಹುಟ್ಟಿದಂದಿನಿಂದ ಕೂಸಿಗೆ ಜಿಡ್ಡು ಹಚ್ಚಿದರೆ ಇಸಬು ಬಾರದಂತೆ ತಡೆಯಬಹುದೆಂಬ ಆಸೆಯೂ 2020ರಲ್ಲಿ 1394 ಕೂಸುಗಳ ಪರೀಕ್ಷೆಯ ಫಲ ಬಂದಾಗ ಸುಳ್ಳಾಯಿತು. ಬಂದದ್ದನ್ನು ಹದ್ದಿನಲ್ಲಿಡಬಹುದು, ಹದ್ದಿನಲ್ಲಿಟ್ಟರೆ ಮಗು ನಿದ್ದೆ ಮಾಡುತ್ತದೆ. ಅದು ಸಣ್ಣ ಗೆಲುವೇನೂ ಅಲ್ಲ.

ಉಲ್ಬಣಿಸಿದ ದಿನಗಳಲ್ಲಿ ಮಾಡಬೇಕಾದ ಉಳಿದ ಕೆಲಸಗಳೂ ಸಣ್ಣವೇ. ಉಗುರನ್ನು ವಾರಕ್ಕೆ ಎರಡು ಸಲ ಕತ್ತರಿಸಿ ಅಂಚು ನುಣುಪುಮಾಡುವುದು. ಮೈಗೆ ತಾಗುವಂತೆ ಹತ್ತಿಯ ಬಟ್ಟೆ. ಉಣ್ಣೆಯ ಸ್ವೆಟರು ಅದರ ಮೇಲೆ. ಬಟ್ಟೆಯಲ್ಲಿ ಸಾಬೂನುಪುಡಿ ಉಳಿಯದಂತೆ ಜಾಲಾಡುವುದು. ಬೇಸಿಗೆಯಲ್ಲಿ ಬೆವರು ಆರಗೊಡದೆ ತಣ್ಣೀರಿನಿಂದ ಒರೆಸಿ ಬಟ್ಟೆ ಬದಲಿಸುವುದು. ತುರಿಕೆ ಎದ್ದಾಗ ತಣ್ಣನೆಯ ಒದ್ದೆ ಬಟ್ಟೆ ಒತ್ತುವುದು, ಮತ್ತೆ ಜಿಡ್ಡು ಸವರುವುದು, ಮಗುವಿನ ಕೈಗೆ ಬೇರೇನಾದರೂ ಕೆಲಸ ಕೊಡುವುದು. ನಿದ್ದೆ ಬರಿಸುವ ಸಿರಪ್ಪನ್ನು ಅಂಗಡಿಯಿಂದ ತಂದು ಕುಡಿಸುವುದು ಇದರಲ್ಲಿ ಸೇರಿಲ್ಲ. ಗಾಯದ ಮೇಲೆ ಜೇನುಬಣ್ಣದ ಹೆಕ್ಕಳೆ ಕಟ್ಟಿದರೆ, ಕೀವು ಸೋರಿದರೆ, ಜ್ವರ ಬಂದರೆ ಮನೆಮದ್ದು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು, ಕೊರೆದಂಥ ಹುಣ್ಣಾಗಿ, ನೋವಿನಿಂದ ವೇಗವಾಗಿ ಹರಡಿದರೆ ಅದು ಹರ್ಪಿಸ್ ಸೋಂಕಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲೆಂದು ಕಾಯಬಾರದು. ತುಟಿಯಂಚಿನಲ್ಲಿ ಜ್ವರಗುಳ್ಳೆ ಎದ್ದವರು ಇಸಬಿನ ಮಗುವನ್ನು ಮುದ್ದಿಸಬಾರದು.

ಈ ಪಟ್ಟಿಯಲ್ಲಿ ಗಂಡಸಿನ ಕೈಗೆ ಒಗ್ಗದ ಕೆಲಸ ಒಂದಾದರೂ ಇದೆಯೇ? ಅಜ್ಜಿ, ಅತ್ತೆ, ಚಿಕ್ಕಪ್ಪಂದಿರ ಶಕ್ತಿ ಮೀರಿದ್ದೇನಾದರೂ ಇದೆಯೇ? ಬೆಳಗಿನ ಜಿಡ್ಡು ತಂದೆಯದು, ಸಂಜೆಯದು ಅಜ್ಜಿಯದು, ರಾತ್ರಿಯ ಮುಲಾಮು ತಾಯಿಯದು ಎಂದು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಹತ್ತು ನಿಮಿಷ. ಅಷ್ಟನ್ನೂ ಮಾಡದೆ ಮಾತಾಡುವವರಿಗೆ ಪ್ರತಿ ಮನೆಯಲ್ಲಿಯೂ ಒಂದು ಷರತ್ತು ಹಾಕಬೇಕು. ಬದನೆಕಾಯಿಯ ಬಗ್ಗೆ, ನಂಜಿನ ಬಗ್ಗೆ, ಬೋರ್‌ವೆಲ್ಲಿನ ಬಗ್ಗೆ, ಸೊಸೆಯ ಅಜಾಗರೂಕತೆಯ ಬಗ್ಗೆ ಅಭಿಪ್ರಾಯವಿದ್ದವರು ಮೊದಲು ಕೈ ತೊಳೆದುಕೊಂಡು ಬಂದು, ಡಬ್ಬಿಯ ಮುಚ್ಚಳ ತೆಗೆದು, ಮಗುವಿನ ಎರಡು ಕೈ ಎರಡು ಕಾಲಿಗೆ ಜಿಡ್ಡು ಸವರಲಿ. ಆಮೇಲೂ ಹೇಳುವುದೇನಾದರೂ ಉಳಿದಿದ್ದರೆ ಕೇಳೋಣ.